ಕ್ಯಾನು ಕಟ್ಟಿದ ಬೆನ್ನು

ಬೆಳಿಗ್ಗೆ ಎಂಟರ ಹೊತ್ತಿಗೆ ಉದ್ದವ್ವನ ಮನೆ ಎರಡು ದಿಕ್ಕಿಗೆ ಹಂಚಿಹೋಗುತ್ತಿತ್ತು. ಮಗಳು ಸಂಘಮಿತ್ರಾ ಹುಕ್ಕೇರಿ ಬಸ್ಸು ಹಿಡಿದು ಪಡುವಣಕ್ಕೆ, ನಿಡಸೋಸಿಯ ಕಾಲೇಜಿಗೆ ಪಾಠ ಹೇಳಲು ಹೋಗುವಳು. ಅಳಿಯ ಶುಭಮ್ ಮೋಟರ್‌ಸೈಕಲ್ ಏರಿ ಮೂಡಣಕ್ಕೆ, ಮೂಡಲಗಿಯಲ್ಲಿ ಬ್ಯಾಂಕಿನ ಕೆಲಸಕ್ಕೆ. ಇಬ್ಬರಿಗೂ ನಡುವೆ ಬೀಳುವ ಊರೆಂದು ಕೊಣ್ಣೂರಿನ ಅಂಚಿನಲ್ಲಿ ಮನೆ ಕಟ್ಟಿಸಿದ್ದರು. ಆ ನಡುವಿನಲ್ಲಿ ಉಳಿಯುತ್ತಿದ್ದವರು ಅವರ ಎರಡೂವರೆ ವರ್ಷದ ಮಗಳು ಶೀತಲ್ ಮತ್ತು ಅವಳ ಆಯಿ, ಅಂದರೆ ಅಜ್ಜಿ, ಉದ್ದವ್ವ.

ಮನೆಯ ಹಿಂದೆ ಸಣ್ಣ ಹಿತ್ತಲು, ಅದರಾಚೆ ನೆರೆಮನೆಯ ಅಪ್ಪಣ್ಣನ ಕಬ್ಬಿನ ಹೊಲ. ಹೊಲದ ಮೂಲೆಯಲ್ಲಿ ನೀರಿಗೆ ಇಳಿಯಲು ಕಲ್ಲಿನ ಪಾವಟಿಗೆಗಳಿದ್ದ ಹಳೆಯ ಬಾವಿ. ಆ ಬಾವಿ ಉದ್ದವ್ವನನ್ನು ಅಂಜಿಸುತ್ತಿರಲಿಲ್ಲ. ಸುತ್ತ ಎದೆಮಟ್ಟದ ಗೋಡೆ ಇತ್ತು, ಪಾವಟಿಗೆ ಇಳಿಯುವಲ್ಲಿ ತಗಡಿನ ಬಾಗಿಲಿತ್ತು. ಅಂಜಿಸಿದ್ದು ಆ ಬೇಸಿಗೆಯಲ್ಲಿ ಅಪ್ಪಣ್ಣ ತೋಡಿಸಿದ ಹೊಂಡ. ಕಾಲುವೆಯ ನೀರು ಪಾಳಿಯ ಮೇಲೆ ಬರುತ್ತದೆ, ಬಂದಾಗ ಹಿಡಿದಿಟ್ಟುಕೊಳ್ಳಬೇಕು ಎಂದು ಅವನು ದೊಡ್ಡ ಹೊಂಡವನ್ನೇ ತೋಡಿಸಿ, ತಳದಿಂದ ದಂಡೆಯವರೆಗೆ ಕಪ್ಪು ಪ್ಲಾಸ್ಟಿಕ್ ಹಾಳೆ ಹಾಸಿಸಿದ್ದ. ಮಳೆ ಮುಗಿಯುವ ಹೊತ್ತಿಗೆ ಅದು ತುಂಬಿ ನಿಂತಿತು. ನೋಡಲು ಚೆಂದವೇ. ಆದರೆ ಆ ಇಳಿಜಾರಿನಲ್ಲಿ ಹಿಡಿಯಲು ಒಂದು ಹುಲ್ಲುಕಡ್ಡಿಯೂ ಇರಲಿಲ್ಲ. ತುಂಬಿದ ಹೊಸತರಲ್ಲೇ ಅಪ್ಪಣ್ಣನ ನಾಯಿ ಅದರಲ್ಲಿ ಬಿದ್ದು, ಉಗುರು ಜಾರಿ ಜಾರಿ ಮೇಲೆ ಬರಲಾರದೆ ಸತ್ತಿತ್ತು. ಘಟಪ್ರಭೆಯನ್ನು ಈಜಿ ದಾಟುತ್ತಿದ್ದ ನಾಯಿ ಅದು.

ಹೊಂಡದ ಸುತ್ತ ಹಾಕಬೇಕಾದ ತಂತಿಯ ಸುರುಳಿ ಅಪ್ಪಣ್ಣನ ದನದ ಕೊಟ್ಟಿಗೆಯಲ್ಲಿ ಬಿದ್ದಿತ್ತು. ಉದ್ದವ್ವ ಕೇಳುವುದನ್ನು ಬಿಟ್ಟಿರಲಿಲ್ಲ.

“ಗೌಡ್ರ, ತಂತಿ ಯಾವಾಗ ಹಾಕ್ತೀರಿ?”

“ಹಾಕೂದ ಐತಿ ಉದ್ದವ್ವ. ಕಂಬ ನಿಲ್ಸಾಕ ಮಾಲಿಂಗ ಬರ್ತೇನಂದಾನ. ಅವಾ ಈಗ ಲಗ್ನದ ಗದ್ದಲದಾಗ ಅದಾನ.”

ಮಾಲಿಂಗನ ಮನೆಯ ಲಗ್ನ ಮುಗಿದು ಸೊಸೆ ಬಂದು ತವರಿಗೂ ಹೋಗಿಬಂದಳು. ತಂತಿಯ ಮೇಲೆ ಕೋಳಿ ಕಾವು ಕೂತಿತು.

ಹಾಗೆಂದು ಅಪ್ಪಣ್ಣ ಕೆಟ್ಟವನಲ್ಲ. ಅವನ ಹೆಂಡತಿ ಯಲ್ಲವ್ವ ಎಮ್ಮೆ ಈದರೆ ಮೊದಲ ಗಿಣ್ಣು ಉದ್ದವ್ವನ ಮನೆಗೇ ಕಳಿಸುವಳು. ಆದರೆ ಹೊಲದ ಕೆಲಸದಲ್ಲಿ ಬೆಳೆಯನ್ನು ಕಾಯುವುದು ಮೊದಲು, ಬೆಳೆಗೆ ಸಂಬಂಧವಿಲ್ಲದ್ದು ಆಮೇಲೆ. ಮಗುವನ್ನು ಕಾಯಲು ಆಯಿ ಇದ್ದಾಳಲ್ಲ ಎಂದು ಅವನು ತಿಳಿದಿದ್ದ. ಉದ್ದವ್ವನೂ ಹಾಗೆಯೇ ತಿಳಿದಿದ್ದಳು. ಹಾಗೆ ತಿಳಿಯದಿದ್ದವಳು ಸಂಘಮಿತ್ರಾ ಒಬ್ಬಳೇ.

ಅವಳು ಧಾರವಾಡದಲ್ಲಿ ಓದುವಾಗ ಈಜು ಕಲಿತಿದ್ದಳು. ಈಗ ಊಟವಾದ ಮೇಲೆ ಮೊಬೈಲಿನಲ್ಲಿ ಏನೋ ನೋಡುತ್ತ ಕೂರುವಳು. ಒಂದು ದಿನ ತಾಯಿಯನ್ನು ಕರೆದು ತೋರಿಸಿದಳು. ಯಾವುದೋ ದೇಶದ ಕೂಸು, ಮೈಮೇಲೆ ಅಂಗಿ ಚಡ್ಡಿ ಹಾಕಿಕೊಂಡೇ ನೀರಿಗೆ ಬೀಳುತ್ತದೆ. ಒಂದು ಗಳಿಗೆ ಮುಳುಗಿ, ತಾನೇ ಮಗುಚಿಕೊಂಡು, ಬೆನ್ನ ಮೇಲೆ ತೇಲುತ್ತ ಆಕಾಶ ನೋಡುತ್ತ ಅಳುತ್ತದೆ.

“ಇದು ಆಟದ ಈಸಲ್ಲವ್ವಾ. ಜೀವ ಉಳಿಸ್ಕೊಳ್ಳೂ ಈಸು. ಅಳಾಕ ಉಸಿರು ಇದ್ರ ಸಾಕು, ಯಾರರ ಬರೂಮಟ ತೇಲತೈತಿ.”

ಉದ್ದವ್ವ ಮುಖ ತಿರುಗಿಸಿದಳು. “ಅದರ ಹೆತ್ತವ್ವ ಬಾಜೂಕ ನಿಂತ ನೋಡಾಕತ್ತಾಳ! ನೀರಿನ ಹಂತೇಕ ಹೋಗಬಾರ್ದು ಅಂತ ಕಲಿಸಬೇಕು. ನೀರಾಗ ಬೀಳೂದು ಕಲಿಸ್ತಾರೇನ?”

“ಹೋಗಬ್ಯಾಡ ಅಂದದ್ದು ನಿನ್ನ ಮೊಮ್ಮಗಳು ಯಾವುದರ ಕೇಳ್ಯಾಳೇನ?”

ನೀರಿನಲ್ಲಿ ಗುಮ್ಮ ಇದ್ದಾನೆ ಎಂದು ಉದ್ದವ್ವ ಹೇಳಿಕೊಟ್ಟಿದ್ದಳು. ಶೀತಲ್ ಆ ಗುಮ್ಮನಿಗೆ ಕೊಡಲೆಂದು ರೊಟ್ಟಿಯ ಚೂರು ಹಿಡಿದುಕೊಂಡು ಹಿತ್ತಲ ಬಾಗಿಲ ತನಕ ಹೋಗಿದ್ದಳು.

ಮುಂದಿನ ರವಿವಾರವೇ ಸಂಘಮಿತ್ರಾ ಅಪ್ಪಣ್ಣನ ಅಂಗಳಕ್ಕೆ ಹೋಗಿ ಬಾವಿ ಕೇಳಿದಳು. ಉದ್ದವ್ವ ಹಿಂದೆ ನಿಂತು ಸೆರಗಿನ ತುದಿ ತಿರುವುತ್ತಿದ್ದಳು.

“ಕೇಳ್ದೇನ ಯಲ್ಲವ್ವ, ಪ್ರೊಫೆಸರ್ ಅಕ್ಕೋರು ನಮ್ಮ ಬಾವ್ಯಾಗ ಸಾಲಿ ತಗೀತಾರಂತ!” ಎಂದು ಅಪ್ಪಣ್ಣ ನಕ್ಕ.

“ತಗೀಲೇಳ್ರಿ. ನಿಮ್ಮನ್ನೂ ಅದ ಸಾಲಿಗಿ ಹಾಕೂನು,” ಎಂದಳು ಯಲ್ಲವ್ವ. “ಮೂಲಿಮನಿ ಪರಪ್ಪನ ಜೋಡಿ ಬಾಜಿ ಕಟ್ಟಿ ಹಾರಿ, ಆಮ್ಯಾಲ ಹಗ್ಗ ಹಗ್ಗ ಅಂತ ಒದರಿದ್ರಲ್ಲ, ಮರ್ತೀರೇನ?”

ಅಪ್ಪಣ್ಣ ಅದು ಕೇಳಿಸಲಿಲ್ಲ ಎಂಬಂತೆ ಕೊಟ್ಟಿಗೆಗೆ ಹೋಗಿ, ಐದು ಲೀಟರಿನ ಎಣ್ಣೆಯ ಖಾಲಿ ಕ್ಯಾನು ಒಂದನ್ನು ತಂದ. ಮುಚ್ಚಳ ಬಿಗಿ ಮಾಡಿ, ಮುಳುಗಿಸಿ ನೋಡಿ, ಹಳೆಯ ಸೀರೆಯ ಅಂಚು ಹರಿದು ಅದರ ಹಿಡಿಕೆಗೆ ಪೋಣಿಸಿದ.

“ನಮ್ಮಪ್ಪ ನನಗ ಒಣಾ ಕುಂಬಳಬುರಡಿ ಕಟ್ಟಿ ಒಗದಿದ್ದ. ನಾ ನನ್ನ ಮಗ ಸೋಮಶೇಖರಗ ಕ್ಯಾನ್ ಕಟ್ಟಿ ಒಗದೆ. ಇದನ್ನ ಬೆನ್ನಿಗಿ ಕಟ್ರಿ, ಕೂಸು ಬಾತುಕೋಳಿ ಹಂಗ ಆಡತೈತಿ.”

“ಬ್ಯಾಡ್ರಿ ಕಾಕಾ. ಕ್ಯಾನ್ ಕಟ್ಟಿದ್ರ ನೀರ ತನ್ನನ್ನ ಎತ್ತತೈತಿ ಅಂತ ಆಕಿ ತಿಳೀತಾಳ. ಬಿದ್ದ ದಿನಾ ಬೆನ್ನಿಗಿ ಕ್ಯಾನ್ ಇರತೈತೇನ್ರಿ?”

ಅದು ಸರಿಯಾದ ಮಾತು. ಎಲ್ಲರಿಗೂ ಕೇಳಿಸಿತು. ಆದರೆ ಉದ್ದವ್ವ ಸೆರಗು ಬಿಟ್ಟು ಮುಂದೆ ಬಂದಳು. “ಕ್ಯಾನ್ ಕಟ್ಲಾರ್ದ ಕೂಸಿನ್ನ ನೀರಿಗಿ ಇಳಿಸಿದ್ರ ನಾ ಈ ಮನ್ಯಾಗ ಒಂದ ದಿನಾ ಇರಾಂಗಿಲ್ಲ, ಹೇಳೇನಿ.”

ಹಾಗೆ ಗದರುವುದು ಉದ್ದವ್ವನ ರೂಢಿಯಲ್ಲ. ಸಂಘಮಿತ್ರಾ ತಾಯಿಯ ಮುಖವನ್ನೊಮ್ಮೆ ನೋಡಿ ಕ್ಯಾನು ತೆಗೆದುಕೊಂಡಳು. ಒಪ್ಪಂದ ಹೀಗಾಯಿತು: ಇಳಿಯುವಾಗ ಕ್ಯಾನು ಕಟ್ಟಿಯೇ ಇಳಿಯುವುದು. ಕೊನೆಗೆ ತಾಯಿಯ ಅಂಗೈ ಮೇಲೆ ಬೆನ್ನು ಇಟ್ಟು ತೇಲುವಷ್ಟು ಹೊತ್ತು ಮಾತ್ರ ಬಿಚ್ಚುವುದು.

ಆ ದಿನ ಪಾವಟಿಗೆಯ ಬಾಗಿಲು ತೆರೆದಾಗ ಮಗಳೂ ಮೊಮ್ಮಗಳೂ ಇಳಿದು ಹೋದರು. ಉದ್ದವ್ವನ ಕಾಲುಗಳು ಮೇಲಿನ ಕಲ್ಲಿನ ಹತ್ತಿರ ತಾವಾಗಿ ನಿಂತವು. ಯಾರೂ ತಡೆಯಲಿಲ್ಲ. ಯಲ್ಲವ್ವ ಕೆಳಗಿನಿಂದ “ಬಾರವ್ವ, ತಂಪೈತಿ” ಎಂದು ಕರೆದಳು ಕೂಡ. ಆದರೆ ಹುಡುಗಿಯಾಗಿದ್ದಾಗ ತವರಿನಲ್ಲಿ ಅವಳು ಕೊಡ ಹಿಡಿದು ಬಾವಿಯ ಮೇಲೇ ನಿಲ್ಲಬೇಕಿತ್ತು. ಮೇಲ್ಜಾತಿಯವರು ಯಾರಾದರೂ ಮನಸ್ಸು ಬಂದಾಗ ಸೇದಿ ದೂರದಿಂದ ಸುರಿಯುವರು. ಪಾವಟಿಗೆ ಇಳಿಯುವ ಹಕ್ಕು ಅವಳ ಓಣಿಯವರಿಗೆ ಇರಲಿಲ್ಲ. ಊರ ಹುಡುಗರು ಬುರುಡೆ ಕಟ್ಟಿಕೊಂಡು ಧುಮುಕುವ ಸಪ್ಪಳ ಮಾತ್ರ ಅವಳಿಗೆ ಕೇಳಿಸುತ್ತಿತ್ತು. ಇದು ಬೇರೆ ಕಾಲ, ಬೇರೆ ಬಾವಿ, ಇವರು ಬೇರೆ ಜನ ಎಂಬುದು ಅವಳ ತಲೆಗೆ ಗೊತ್ತಿತ್ತು. ಕಾಲುಗಳಿಗೆ ಗೊತ್ತಿರಲಿಲ್ಲ.

ಶೀತಲ್ ಮೊದಲ ದಿನ ಅತ್ತಳು. ಆಮೇಲೆ ರವಿವಾರ ಯಾವಾಗ ಎಂದು ಕೇಳತೊಡಗಿದಳು. ಕ್ಯಾನು ಕಟ್ಟಿಸಿಕೊಳ್ಳಲು ಬೆನ್ನು ತಿರುಗಿಸಿ, ಎರಡೂ ಕೈ ಮೇಲೆತ್ತಿ ನಿಲ್ಲುವಳು. ಆಗ ಉದ್ದವ್ವ ಸೀರೆಯ ಅಂಚನ್ನು ಅವಳ ಎದೆಯ ಸುತ್ತ ತಂದು, ಎರಡು ಸುತ್ತಿನ ಗಂಟು ಹಾಕಿ, ಎಳೆದು ನೋಡಿ, ಮೇಲಿನ ಕಲ್ಲಿನಿಂದ ಕಳಿಸಿಕೊಡುವಳು. ಕೊನೆಗೆ ಕ್ಯಾನು ಬಿಚ್ಚಿ ಸಂಘಮಿತ್ರಾ ಮಗುವನ್ನು ಅಂಗೈ ಮೇಲೆ ಅಂಗಾತ ಮಲಗಿಸಿ, “ಮುಗಲ ನೋಡ ಶೀತು, ಮುಗಲ ನೋಡ” ಎಂದು ಹೇಳುತ್ತ, ಒಂದೊಂದೇ ಬೆರಳು ತೆಗೆಯುವಳು. ಆ ಹೊತ್ತಿನಲ್ಲಿ ಉದ್ದವ್ವ ಮೇಲೆ ಕಣ್ಣು ಮುಚ್ಚಿರುತ್ತಿದ್ದಳು.

ಉಳಿದ ದಿನಗಳಲ್ಲಿ ಪಾಠ ಉದ್ದವ್ವನದು. ರೊಟ್ಟಿ ಬಡಿಯುವಾಗ, ತಲೆ ಬಾಚುವಾಗ ಕೇಳುವಳು: “ಕ್ಯಾನ್ ಇಲ್ಲಂದ್ರ?”

“ನೀಲಿಲ್ಲ!” ಎನ್ನುವಳು ಶೀತಲ್.

“ಕ್ಯಾನ್ ಕಟ್ಲಾರ್ದ ನೀರಿಗಿ?”

“ಹೋಗಬಾಲ್ದು!”

ಎಷ್ಟು ಚೆನ್ನಾಗಿ ಕಲಿತಳು ಎಂದು ಉದ್ದವ್ವ ಅವಳ ಗಲ್ಲ ಮುಟ್ಟಿ ಲಟಿಕೆ ಮುರಿಯುವಳು. ತನ್ನ ವಸ್ತುವನ್ನು ತಾನೇ ಜಾಗಕ್ಕೆ ಇಡುವ ರೂಢಿಯಾಗಲಿ ಎಂದು ಪಡಸಾಲೆಯ ಗೋಡೆಗೆ, ಕೂಸಿನ ಕೈಗೆ ಎಟಕುವಲ್ಲಿ, ಒಂದು ಮೊಳೆ ಹೊಡೆಸಿದಳು. ರವಿವಾರ ಬಾವಿಯಿಂದ ಬಂದ ಮೇಲೆ ಶೀತಲ್ ಕ್ಯಾನನ್ನು ತಾನೇ ಅಲ್ಲಿ ತೂಗುಹಾಕುವಳು.

“ಕ್ಯಾನ್ ಬಿಡಿಸಬೇಕವ್ವಾ,” ಎಂದು ಸಂಘಮಿತ್ರಾ ಎರಡು ಸಲ ಹೇಳಿದಳು.

“ದೀಪಾವಳಿ ಆಗಲಿ,” ಎಂದಳು ಉದ್ದವ್ವ. ದೀಪಾವಳಿ ಆದ ಮೇಲೆ, “ಚಳಿ ಹೋಗಲಿ” ಎಂದಳು.

ಕಬ್ಬು ಕಡಿಯುವ ದಿನಗಳು ಬಂದವು. ಒಂದು ಮಧ್ಯಾಹ್ನ ಶೀತಲ್ ಉಂಡು ಪಡಸಾಲೆಯಲ್ಲಿ ಕೌದಿಯ ಮೇಲೆ ಮಲಗಿದ್ದಳು. ಉದ್ದವ್ವ ಜೋಳ ಹಸನು ಮಾಡುತ್ತಿದ್ದಾಗ ಮುಂದಿನ ನಳಕ್ಕೆ ನೀರು ಬಂದ ಸಪ್ಪಳ ಕೇಳಿಸಿತು. ಎರಡು ದಿನದಿಂದ ಬಂದಿರಲಿಲ್ಲ. ಕೊಡ, ಬಕೀಟು ಹಿಡಿದು ಓಡಿದಳು. ಮಗು ನಿದ್ದೆಯಲ್ಲಿತ್ತು, ಹಿತ್ತಲ ಬಾಗಿಲಿಗೆ ಚಿಲಕವಿತ್ತು. ಆ ಚಿಲಕವನ್ನು ಮುಂಜಾನೆ ಬಟ್ಟೆ ಒಣಗಹಾಕಿ ಬಂದಾಗ ತಾನೇ ಹಾಕಿರಲಿಲ್ಲ ಎಂಬುದು ಎರಡನೆಯ ಕೊಡ ತುಂಬುವಾಗ ನೆನಪಾಯಿತು. ತುಂಬುತ್ತಿದ್ದ ಕೊಡವನ್ನು ಹಾಗೇ ಬಿಟ್ಟು ಒಳಗೆ ಬಂದಳು.

ಕೌದಿ ಬರಿದಾಗಿತ್ತು. ಹಿತ್ತಲ ಬಾಗಿಲು ತೆರೆದಿತ್ತು. ಅವಳು ಮೊದಲು ನೋಡಿದ್ದು ಅವೆರಡನ್ನೂ ಅಲ್ಲ. ಗೋಡೆಯ ಮೇಲೆ ಮೊಳೆ ಖಾಲಿಯಾಗಿತ್ತು.

ಆಗ ಅವಳಿಗೆ ಎಲ್ಲವೂ ಒಟ್ಟಿಗೇ ತಿಳಿಯಿತು. ಕ್ಯಾನು ಇಲ್ಲದೆ ನೀರಿಗೆ ಹೋಗಬಾರದು ಎಂದು ಕಲಿಸಿದ್ದಳು. ಕ್ಯಾನು ಇದ್ದರೆ ಹೋಗಬಹುದು ಎಂದು ಕೂಸು ಕಲಿತಿತ್ತು.

ಬಾವಿಯ ತಗಡಿನ ಬಾಗಿಲು ಮುಚ್ಚಿತ್ತು. ಉದ್ದವ್ವ ಅದನ್ನು ದಾಟಿ ಕಬ್ಬಿನ ಬದುವಿನ ಮೇಲೆ ಓಡಿದಳು. ಹೊಂಡದ ದಂಡೆ ಕಂಡಿತು. ಅದರ ಮೇಲೆ, ಆಚೆ ಮುಖ ಮಾಡಿ, ಶೀತಲ್ ಕೂತಿದ್ದಳು. ತೊಡೆಯ ಮೇಲೆ ಕ್ಯಾನು. ಸೀರೆಯ ಅಂಚನ್ನು ಎದೆಗೆ ಸುತ್ತಿಕೊಳ್ಳಲು ನೋಡುತ್ತಿದ್ದಳು, ಸುತ್ತಿದ್ದು ಜಾರುತ್ತಿತ್ತು, ಮತ್ತೆ ಸುತ್ತುತ್ತಿದ್ದಳು. ಅವಳಿಗೂ ನೀರಿಗೂ ನಡುವೆ ಇದ್ದದ್ದು ಅವಳ ಪುಟ್ಟ ಬೆರಳಿಗೆ ಬಾರದ ಆ ಗಂಟು ಒಂದೇ.

ಉದ್ದವ್ವ ಓಡುವುದನ್ನು ನಿಲ್ಲಿಸಿದಳು. ಬೆನ್ನಟ್ಟಿದರೆ ಶೀತಲ್ ಆಟವೆಂದು ಮುಂದೆ ಓಡುವ ಕೂಸು. ದಿನನಿತ್ಯದ ದನಿಯಲ್ಲೇ ಹೇಳಿದಳು: “ತಡಿ ಬಂಗಾರಾ, ಕೂತಲ್ಲೇ ಕೂಡು. ನಾ ಕಟ್ತೇನಿ.”

ಶೀತಲ್ ತಿರುಗಿ ನೋಡಿ ನಕ್ಕಳು. “ಆಯಿ, ಕಟ್ಟ.”

ಅವಳು ಎದ್ದು ನಿಂತಳು. ಕಲಿಸಿದ ಹಾಗೆಯೇ ಬೆನ್ನು ತಿರುಗಿಸಿ ಎರಡೂ ಕೈ ಮೇಲೆತ್ತಿದಳು. ಕೈ ಎತ್ತಿದಾಗ ಕ್ಯಾನು ಬಿತ್ತು. ಖಾಲಿ ಕ್ಯಾನು, ಗಾಳಿಗೆ ಹಗುರ. ಪ್ಲಾಸ್ಟಿಕ್ಕಿನ ಮೇಲೆ ಟೊಳ್ಳು ಸಪ್ಪಳ ಮಾಡುತ್ತ ಉರುಳಿ ನೀರಿಗೆ ಹೋಯಿತು. ಶೀತಲ್ “ನಂದು!” ಎಂದು ಅದರ ಹಿಂದೆ ಒಂದು ಹೆಜ್ಜೆ ಇಟ್ಟಳು. ಸಪ್ಪಳವಿಲ್ಲದೆ ಜಾರಿದಳು.

ಉದ್ದವ್ವ ದಂಡೆ ಮುಟ್ಟಿದಾಗ ಕೂಸು ಮುಳುಗಿ ಎದ್ದಿತ್ತು. ಮುಖ ನೀರಿನಲ್ಲಿ, ಕೈ ಕ್ಯಾನಿನ ಕಡೆಗೆ. ಕೆಂಪು ಅಂಗಿ ಗಾಳಿ ತುಂಬಿ ಬೆನ್ನ ಮೇಲೆ ಉಬ್ಬಿತ್ತು. ಕೂಗಲು ಬೇರೆ ಮಾತೇ ಅವಳಿಗೆ ಸಿಗಲಿಲ್ಲ. “ಮುಗಲ ನೋಡ! ಶೀತೂ, ಮುಗಲ ನೋಡ!” ಎಂದು ಒದರಿದಳು. ಒದರುತ್ತಲೇ ಮೈಮೇಲಿನ ಸೀರೆ ಕಿತ್ತು, ಮೋಟರಿನ ಪೈಪು ಬಿಗಿದಿದ್ದ ಕಬ್ಬಿಣದ ಗೂಟಕ್ಕೆ ಅದರ ಒಂದು ತುದಿ ಸುತ್ತಿ, ಕ್ಯಾನಿಗೆ ಹಾಕುವ ಅದೇ ಗಂಟು ಹಾಕಿ, ಇನ್ನೊಂದು ತುದಿಯನ್ನು ಮುಂಗೈಗೆ ಸುತ್ತಿಕೊಂಡು, ಹೊಟ್ಟೆಯ ಮೇಲೆ ಇಳಿಜಾರಿಗೆ ಬಿದ್ದಳು. ತಿರುಗಿ ನೋಡಿದಾಗ ಕೂಸು ಅಂಗಾತವಾಗಿತ್ತು. ಬಾಯಿ ತೆರೆದಿತ್ತು, ಕಣ್ಣು ತೆರೆದಿತ್ತು. ಅಳುತ್ತಿತ್ತು.

ನೀರು ಎದೆಯವರೆಗೆ ಬಂದಾಗ ಉದ್ದವ್ವನ ಕಾಲಿಗೆ ತಳ ಸಿಗಲಿಲ್ಲ. ಜೀವನದಲ್ಲಿ ಮೊದಲ ಸಲ ಅವಳು ನೀರಿನಲ್ಲಿದ್ದಳು. ಸೀರೆ ಬಿಗಿಯಾಯಿತು, ಗಂಟು ತಡೆಯಿತು. ಚಾಚಿದ ಕೈಗೆ ಕೆಂಪು ಅಂಗಿಯ ತುದಿ ಸಿಕ್ಕಿತು. ಎಳೆದು ಎದೆಗೆ ಅವಚಿಕೊಂಡಳು. ಆದರೆ ಒಂದು ಕೈಯಲ್ಲಿ ಕೂಸು, ಒಂದು ಕೈಯಲ್ಲಿ ಸೀರೆ. ಮೇಲೇರಲು ಮೂರನೆಯ ಕೈ ಇರಲಿಲ್ಲ. ಮೊಣಕಾಲು ಊರಿದಾಗಲೆಲ್ಲ ಜಾರಿತು. ನಾಯಿಯ ಉಗುರಿನ ಗೀರುಗಳು ಆ ಹಾಳೆಯ ಮೇಲೆ ಇನ್ನೂ ಇದ್ದವು. ಅವು ಅವಳ ಕಣ್ಣಿನ ನೇರಕ್ಕೇ ಇದ್ದವು.

ಯಲ್ಲವ್ವನ ಹೆಸರು ಹಿಡಿದು ಒದರುತ್ತ ಎಷ್ಟು ಹೊತ್ತು ಹಾಗೆ ನೇತುಬಿದ್ದಿದ್ದಳೋ ಅವಳಿಗೆ ತಿಳಿಯದು. ಕಬ್ಬಿನ ಸೋಗೆಯ ಹೊರೆ ಹೊತ್ತು ಬರುತ್ತಿದ್ದ ಯಲ್ಲವ್ವ ಹೊರೆಯನ್ನು ಅಲ್ಲೇ ಒಗೆದು ಓಡಿಬಂದಳು. ದಂಡೆಯ ಮೇಲೆ ಮಲಗಿ, ಗೂಟಕ್ಕೆ ಒಂದು ಕಾಲು ಸಿಕ್ಕಿಸಿ, ಮೊದಲು ಕೂಸಿನ ರಟ್ಟೆ ಹಿಡಿದು ಎಳೆದುಕೊಂಡಳು. ಕೂಸು ಕೆಮ್ಮಿತು, ವಾಂತಿ ಮಾಡಿತು, ಮತ್ತೆ ಅತ್ತಿತು. ಆಮೇಲೆ ಸೀರೆ ಜಗ್ಗಿ ಉದ್ದವ್ವನನ್ನು.

ಉದ್ದವ್ವ ಮೇಲೆ ಬಂದು, ಸೀರೆಯಿಲ್ಲದೆ ಬರಿಯ ಪರಕಾರದಲ್ಲಿ ನೆಲಕ್ಕೆ ಕುಸಿದಾಗ, ಕಬ್ಬು ಕಡಿಯುತ್ತಿದ್ದ ಗಂಡಸರು ಸಪ್ಪಳ ಕೇಳಿ ಬದುವಿನ ಆ ತುದಿಯಲ್ಲಿ ಕಾಣಿಸಿಕೊಂಡಿದ್ದರು. “ಅಲ್ಲೇ ನಿಂದರ್ರಿ!” ಎಂದು ಯಲ್ಲವ್ವ ಗದರಿದಳು. ಹೊಲದ ಕೆಲಸಕ್ಕೆಂದು ಸೀರೆಯ ಮೇಲೆ ತೊಟ್ಟಿದ್ದ ಗಂಡನ ಹಳೆಯ ಅಂಗಿಯನ್ನು ಬಿಚ್ಚಿ ಉದ್ದವ್ವನಿಗೆ ತೊಡಿಸಿದಳು. ಗುಂಡಿಗಳನ್ನೂ ತಾನೇ ಒಂದೊಂದಾಗಿ ಹಾಕಿದಳು. ಗೂಟದ ಗಂಟು ಬಿಚ್ಚಿ, ಹಸಿ ಸೀರೆಯನ್ನು ಅವಳ ಸೊಂಟಕ್ಕೆ ಎರಡು ಸುತ್ತು ತಂದು ಸಿಕ್ಕಿಸಿದಳು. ಆಮೇಲೆಯೇ ಗಂಡನನ್ನು ಕೂಗಿದಳು: “ಲಗೂನ ಬರ್ರಿ, ಗಾಡಿ ತಗೀರಿ!”

ದವಾಖಾನೆಗೆ ಹೋಗುವಾಗ ಹಿಂದಿನ ಸೀಟಿನಲ್ಲಿ ಯಲ್ಲವ್ವ ತನ್ನ ಹಣೆಯ ವಿಭೂತಿಯನ್ನು ಬೆರಳಿಗೆ ಒರೆಸಿಕೊಂಡು ಕೂಸಿನ ಹಣೆಯ ತನಕ ತಂದು ಕೈ ತಡೆದಳು. “ಹಚ್ಚಲೇನವ್ವ? ನಿಮ್ಮಲ್ಲಿ ನಡೀತೈತಿಲ್ಲೋ?”

“ಹಚ್ಚವ್ವ. ಏನ್ ಸಿಗತೈತಿ ಅದನ್ನ ಹಚ್ಚ,” ಎಂದಳು ಉದ್ದವ್ವ.

ಡಾಕ್ಟರು ಕೂಸಿನ ಎದೆಗೆ ಕೊಳವೆ ಇಟ್ಟು ಕೇಳಿದರು. ಸಂಜೆಯ ತನಕ ಇಟ್ಟುಕೊಂಡು ಮತ್ತೆ ಕೇಳಿದರು. ನೀರು ಒಳಗೆ ನಿಂತಿಲ್ಲ, ಆದರೂ ಉಸಿರಿನ ಮೇಲೆ ಕಣ್ಣಿಡಿ ಎಂದರು. ಅಲ್ಲಿ ನೆಲ ಒರೆಸುವ ಹೆಣ್ಣುಮಗಳೊಬ್ಬಳು ಎಲ್ಲಿಂದಲೋ ಬಿಸಿ ಚಹಾ ತಂದು ಉದ್ದವ್ವನ ಕೈಗೆ ಕೊಟ್ಟಳು. ಗಂಡಸರ ಅಂಗಿ ಏಕೆ ತೊಟ್ಟಿದ್ದೀ ಎಂದು ಅವಳು ಕೇಳಲಿಲ್ಲ.

ಮೊದಲು ಶುಭಮ್ ಬಂದ. ಹೆಲ್ಮೆಟ್ಟು ತೆಗೆಯುವುದನ್ನೂ ಮರೆತು ಮಗಳನ್ನು ಎತ್ತಿಕೊಂಡ. ಸಂಘಮಿತ್ರಾ ಹುಕ್ಕೇರಿಯಲ್ಲಿ ಬಸ್ಸು ಬದಲಿಸಿ ಬರುವ ಹೊತ್ತಿಗೆ ದೀಪ ಹಚ್ಚಿದ್ದರು. ಯಾರೂ ಉದ್ದವ್ವನನ್ನು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಕೂರಲು ಒಂದು ಜಾಗ ಸಿಗುತ್ತಿತ್ತು.

ಮನೆಗೆ ಬಂದು, ಕೂಸು ಮಲಗಿದ ಮೇಲೆ ಶುಭಮ್ ಮೆಲ್ಲಗೆ ಹೇಳಿದ. “ಇನ್ನ ಸಾಕು. ಬಾವೀನೂ ಬ್ಯಾಡ, ಈಸೂದೂ ಬ್ಯಾಡ. ಈಸ ಕಲಸಾಕ ಹೋಗೇ ಆಕಿ ನೀರಿಗಿ ಹೋದ್ಲು.”

“ಈಸ ಕಲ್ತದ್ದಕ್ಕ ಉಳದ್ಲು,” ಎಂದಳು ಸಂಘಮಿತ್ರಾ. ಆದರೆ ಅವಳ ದನಿಯಲ್ಲಿ ಬಲವಿರಲಿಲ್ಲ. ತಾಯಿಯ ಕಡೆ ತಿರುಗಿದಳು. “ಅವ್ವಾ, ಖರೆ ಹೇಳ. ಆಕಿ ತಾನಾಗೇ ತಿರುಗಿದ್ಲೇನ?”

ಇಬ್ಬರೂ ಉದ್ದವ್ವನ ಬಾಯಿ ನೋಡುತ್ತಿದ್ದರು. ಹೌದು ಎಂದರೆ ರವಿವಾರದ ಪಾಠ ಉಳಿಯುತ್ತದೆ. ಇಲ್ಲ ಎಂದರೆ ಬಾವಿಯ ಬಾಗಿಲು ಮುಚ್ಚುತ್ತದೆ. ಕೆಲವು ತಿಂಗಳ ಹಿಂದೆ ಆಗಿದ್ದರೆ ಉದ್ದವ್ವನಿಗೆ ಬೇಕಾದದ್ದು ಅದೇ.

“ಇಲ್ಲವ್ವಾ. ಬೋರಲ ಬಿದ್ದಿದ್ಲು. ಕೈ ಕ್ಯಾನಿನ ಕಡೆ ಇತ್ತು. ನಾ ಮುಗಲ ನೋಡ ಅಂತ ಒದರಿದೆ. ಆಮ್ಯಾಲ ತಿರುಗಿದ್ಲು. ನೀ ಮೊದಲೇ ಹೇಳಿದ್ದಿ, ಕ್ಯಾನ್ ಬ್ಯಾಡ ಅಂತ. ನನ್ನ ಅಂಜಿಕಿಗಿ ನಾ ಕಟ್ಟಿದೆ.”

ಶುಭಮ್ ಎದ್ದು, ಅತ್ತೆಯ ತಟ್ಟೆಯಲ್ಲಿ ಹಾಗೇ ಉಳಿದಿದ್ದ ರೊಟ್ಟಿಯನ್ನು ತೆಗೆದು, ಬಿಸಿ ಮಾಡಿ ತಂದಿಟ್ಟ. “ಉಣ್ರಿ ಅತ್ತಿ,” ಎಂದ. ಅಷ್ಟೇ. ಉದ್ದವ್ವ ಆಗ ಅತ್ತಳು.

ಮರುದಿನ ನಸುಕಿನಲ್ಲೇ ಹೊಂಡದ ಕಡೆಯಿಂದ ಹಾರೆಯ ಸಪ್ಪಳ ಕೇಳಿಬಂತು. ಅಪ್ಪಣ್ಣ ಮಾಲಿಂಗನಿಗೆ ಕಾಯದೆ ತಾನೇ ಕಂಬದ ಕುಣಿ ತೋಡುತ್ತಿದ್ದ. ಮೂರು ದಿನದಲ್ಲಿ ತಂತಿ ಸುತ್ತಿತು. ಇಳಿಜಾರಿನ ನಾಲ್ಕೂ ಕಡೆ ಗಂಟು ಹಾಕಿದ ಹಗ್ಗಗಳನ್ನು ಇಳಿಬಿಟ್ಟ. ಅದು ಸಂಘಮಿತ್ರಾ ಕೇಳಿದ್ದು. ಅವನು ಉದ್ದವ್ವನ ಮುಖ ನೋಡಲಾರದೆ, “ಕೋಳಿ ಬ್ಯಾರೆ ಕಡೆ ಕುಂಡರಿಸಿದೆ” ಎಂದ. ಕ್ಯಾನು ಮಾತ್ರ ಹೊಂಡದ ನಡುವೆ ತೇಲುತ್ತಲೇ ಇತ್ತು. ಗಾಳಿ ಬಂದಾಗ ಒಂದು ದಂಡೆಗೆ, ಗಾಳಿ ತಿರುಗಿದಾಗ ಇನ್ನೊಂದು ದಂಡೆಗೆ. ಯಾರೂ ಅದನ್ನು ತೆಗೆಯಲು ಹೋಗಲಿಲ್ಲ.

ರವಿವಾರ ಬಂದಾಗ ಶುಭಮ್ ಬೇಡ ಎನ್ನಲೂ ಇಲ್ಲ, ಹೂಂ ಎನ್ನಲೂ ಇಲ್ಲ. ತಾನೂ ಬರುತ್ತೇನೆ ಎಂದ. ಶೀತಲ್ ಬಾವಿಯ ಮೇಲಿನ ಕಲ್ಲಿನ ಹತ್ತಿರ ಬಂದದ್ದೇ ಬೆನ್ನು ತಿರುಗಿಸಿ, ಎರಡೂ ಕೈ ಎತ್ತಿ ನಿಂತಳು.

“ಆಯಿ, ಕಟ್ಟ.”

“ಇನ್ನ ಕ್ಯಾನ್ ಇಲ್ಲ ಬಂಗಾರಾ.”

“ಕ್ಯಾನ್ ಇಲ್ಲಂದ್ರ ನೀಲಿಲ್ಲ,” ಎಂದು ಕೂಸು ಗಟ್ಟಿಯಾಗಿ ಹೇಳಿತು. ಎತ್ತಿದ ಕೈ ಇಳಿಸಲಿಲ್ಲ. ಸಂಘಮಿತ್ರಾ ರಮಿಸಿದಳು, ತಾನು ನೀರಿಗಿಳಿದು ತೋರಿಸಿದಳು. ಕೂಸು ಅಳುತ್ತ ಅಪ್ಪನ ಕಾಲು ತಬ್ಬಿತು. ಉದ್ದವ್ವ ಕಲಿಸಿದ್ದು ಅಷ್ಟು ಚೆನ್ನಾಗಿ ಕೂತಿತ್ತು.

“ಹೋಗೂನು ನಡಿ. ಇವತ್ತ ಬ್ಯಾಡ,” ಎಂದ ಶುಭಮ್.

ಉದ್ದವ್ವ ಚಪ್ಪಲಿ ಬಿಟ್ಟಳು. ಸೆರಗನ್ನು ಸೊಂಟಕ್ಕೆ ಬಿಗಿದಳು. ಮೇಲಿನ ಕಲ್ಲಿನ ಮೇಲೆ ಕಾಲಿಟ್ಟಳು. ಕಲ್ಲು ತಣ್ಣಗಿತ್ತು. ಕಾಲುಗಳು ನಿಂತವು, ಅವಳು ಗೋಡೆಗೆ ಕೈ ಹಚ್ಚಿ ಕಾಯ್ದಳು, ಆಮೇಲೆ ಅವು ನಡೆದವು. ಒಂದೊಂದೇ ಪಾವಟಿಗೆ ಇಳಿದು, ನೀರು ಮೊಣಕಾಲಿಗೆ ಬಂದು, ಸೊಂಟಕ್ಕೆ ಬಂದು, ಮಗಳ ಕೈ ಸಿಗುವ ತನಕ ಅವಳು ಎಲ್ಲೂ ತಲೆಯೆತ್ತಲಿಲ್ಲ.

“ಅವ್ವಾ, ನೀ ಯಾಕ…”

“ಆಕಿನ್ನ ಕಾಯಾಕಿ ನಾನಲ್ಲೇನ? ಕಲಸ ನನಗ. ಲಗೂನ ಕಲಸ, ಅಂಜಿಕಿ ಬರಾಕತ್ತೈತಿ.”

ಸಂಘಮಿತ್ರಾ ತಾಯಿಯ ಬೆನ್ನಿನ ಕೆಳಗೆ ಎರಡೂ ಅಂಗೈ ಇಟ್ಟಳು. ಉದ್ದವ್ವ ಹಿಂದಕ್ಕೆ ವಾಲಿದಳು. ಮೈ ಕಲ್ಲಾಯಿತು, ಮೂಗಿಗೆ ನೀರು ಹೋಯಿತು, ಕೆಮ್ಮಿದಳು, ಕಲ್ಲನ್ನು ತಬ್ಬಿದಳು. ಮತ್ತೆ ವಾಲಿದಳು. ಈ ಸಲ ತಲೆ ನೀರಿಗೆ ಒರಗಿತು. ಮೇಲೆ ಬಾವಿಯ ಬಾಯಷ್ಟು ಅಗಲದ ಮುಗಿಲು ಕಂಡಿತು. ಅದರ ಅಂಚಿನಲ್ಲಿ ಟವೆಲು ಹಿಡಿದ ಯಲ್ಲವ್ವನ ಮುಖ, ಅಳು ನಿಲ್ಲಿಸಿ ಬಗ್ಗಿ ನೋಡುತ್ತಿದ್ದ ಶೀತಲಳ ಮುಖ. ಕೂಸಿನ ಬಾಯಿ ಅಲುಗುತ್ತಿತ್ತು. ಸಂಘಮಿತ್ರಾಳ ಬಾಯಿಯೂ ಅಲುಗುತ್ತಿತ್ತು. ಉದ್ದವ್ವನಿಗೆ ಏನೂ ಕೇಳಿಸಲಿಲ್ಲ. ಕಿವಿ ತುಂಬ ನೀರು, ಎಲ್ಲಿಂದಲೋ ಬರುವ ಒಂದು ಗುಂಯ್ ಎಂಬ ಸಪ್ಪಳ, ಅಷ್ಟೇ.

ಅವಳು ಒಮ್ಮೆಲೇ ಎದ್ದು ಕಲ್ಲು ಹಿಡಿದಳು.

“ಏನಾತವ್ವಾ? ಅಂಜಿದೇನ?”

“ನೀ ಏನ್ ಹೇಳಾಕತ್ತಿದ್ದಿ ಈಗ?”

“ಮುಗಲ ನೋಡ ಅಂತ ಒದರಾಕತ್ತಿದ್ದೆ. ಕೇಳಲಿಲ್ಲೇನ?”

“ಇಲ್ಲ,” ಎಂದಳು ಉದ್ದವ್ವ. “ನೀರಾಗ ಏನೂ ಕೇಳಾಂಗಿಲ್ಲ.”

ಸಂಘಮಿತ್ರಾಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಇಬ್ಬರೂ ಮೇಲೆ ನೋಡಿದರು. ಅಂದು ಬೋರಲು ಬಿದ್ದಿದ್ದ ಕೂಸಿನ ಕಿವಿಯೂ ನೀರಿನಲ್ಲೇ ಇತ್ತು. ಹಾಗಾದರೆ ಅದು ಆಯಿಯ ದನಿ ಕೇಳಿ ತಿರುಗಿತೋ, ತಾನಾಗಿ ತಿರುಗಿತೋ, ಇಲ್ಲ ನೀರೇ ಹಾಗೆ ಹೊರಳಿಸಿತೋ? ಅದನ್ನು ಹೇಳಬಲ್ಲವಳು ಎರಡೂವರೆ ವರ್ಷದವಳು, ಅವಳಿಗೆ ಅದನ್ನು ಹೇಳುವಷ್ಟು ಮಾತು ಬರದು. ಮುಂದಿನ ಸಲ ಏನಾದೀತು ಎಂಬುದೂ ಗೊತ್ತಿಲ್ಲ.

“ಆಯೀ,” ಎಂದು ಮೇಲಿನಿಂದ ಕೂಗಿದಳು ಶೀತಲ್. “ಕ್ಯಾನ್ ಇಲ್ಲ!”

“ಇಲ್ಲ ನೋಡವ್ವಾ,” ಎಂದು ಉದ್ದವ್ವ ಎರಡೂ ಕೈ ಎತ್ತಿ, ಬರಿದಾದ ತನ್ನ ಬೆನ್ನನ್ನು ಮೊಮ್ಮಗಳಿಗೆ ತಿರುಗಿಸಿ ತೋರಿಸಿದಳು. ಶೀತಲ್ ಬಹಳ ಹೊತ್ತು ಆ ಹಸಿ ಬೆನ್ನನ್ನು ನೋಡಿದಳು. ಇಳಿಯಲಿಲ್ಲ. ಆದರೆ ಅಪ್ಪನ ಕಾಲು ಬಿಟ್ಟು ಮೊದಲ ಕಲ್ಲಿನ ಮೇಲೆ ಕೂತಳು. ಶುಭಮ್ ಅವಳ ಅಂಗಿಯ ಅಂಚನ್ನು ಮುಷ್ಟಿಯಲ್ಲಿ ಹಿಡಿದು ಪಕ್ಕದಲ್ಲೇ ಕೂತ.

ಉದ್ದವ್ವ ಮತ್ತೆ ಮಗಳ ಅಂಗೈ ಮೇಲೆ ವಾಲಿದಳು. ಕಿವಿ ಮುಳುಗುವ ಮೊದಲು ಯಲ್ಲವ್ವನಿಗೆ ಕೂಗಿ ಹೇಳಿದಳು, “ಆಕಿನ್ನ ನೋಡ್ಕೊಂತ ಇರವ್ವಾ,” ಎಂದು. ಯಲ್ಲವ್ವ ಆಗಲೇ ನೋಡುತ್ತಿದ್ದಳು.